ಎಂಟು ಕೆಜಿ ಮಂಡಕ್ಕಿ

ಸಂಜೆ ಆರಾದರೆ ನಾವು ನಾಲ್ಕು ಜನ ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಸೇರುತ್ತೇವೆ. ಗೌಡ್ರು, ಮೇಷ್ಟ್ರು, ರಿಪೇರಿಯವನು, ನಾನು. ಮಂಡಕ್ಕಿ, ಮಿರ್ಚಿ ನಿಂತುಕೊಂಡೇ ತಿನ್ನುತ್ತೇವೆ. ಜಾಗ ಇಲ್ಲ ಅಂತಲ್ಲ, ಒಂದು ಸಲ ಕೂತರೆ ಏಳೋದು ಕಷ್ಟ ಅಂತ.

ಅವತ್ತು ಮಿರ್ಚಿ ಎತ್ತೋಕೆ ಹೋದರೆ ಬಲಗೈ ಎದೆ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಯಾರಿಗೂ ಕಾಣಲ್ಲ ಅಂದುಕೊಂಡು ಎಡಗೈಗೆ ವರ್ಗಾಯಿಸಿದೆ. ಗೌಡ್ರ ಕಣ್ಣಿಗೆ ಬಿತ್ತು.

"ಯಾಕ್ರೀ ಎಡಗೈ?"

"ಭುಜ ಹಿಡಿದೈತಿ ಗೌಡ್ರೆ."

"ಏನು ಎತ್ತಿದ್ರಿ?"

"ಎತ್ತಲಿಲ್ಲ, ಎಳೆದೆ. ಮರ ಕೊಯ್ಯೋ ಮಷೀನಿನ ಹಗ್ಗ."

ವಿಷಯ ಇಷ್ಟೇ. ಸಂತೇಬೆನ್ನೂರು ಕಡೆ ನಮ್ಮದೊಂದು ಸಣ್ಣ ಅಡಿಕೆ ತೋಟ ಇದೆ. ಹಿಂದಿನ ವಾರದ ಗಾಳಿಗೆ ಏಳು ಅಡಿಕೆ ಮರ, ಒಂದು ತೆಂಗು ದಾರಿಗೆ ಅಡ್ಡ ಮಲಗಿದ್ದವು. ಆಳಿಗೆ ಹೇಳಿದರೆ ಗುರುವಾರ ಬರ್ತೀನಿ ಅಂದ. ಯಾವ ಗುರುವಾರ ಅಂತ ಹೇಳಲಿಲ್ಲ. ಮನೆಯಲ್ಲಿ ನನ್ನದೇ ಚೈನ್ ಸಾ ಇತ್ತು. ನನ್ನ ಐವತ್ತೈದನೇ ವಯಸ್ಸಿನಲ್ಲಿ ತಗೊಂಡಿದ್ದು. 58 ಸಿಸಿ ಇಂಜಿನ್, ಚೈನು ಸುತ್ತೋ ಪಟ್ಟಿ 22 ಇಂಚು. ಮೊಬೈಲಿನಲ್ಲಿ ಫೋಟೋ ನೋಡಿಯೇ ಮನಸ್ಸು ಕೊಟ್ಟಿದ್ದೆ. ಬಂದ ದಿನ ಅಂಗಳದಲ್ಲಿ ನಿಂತು ಒಂದು ಫೋಟೋ ಕೂಡ ತೆಗೆಸಿಕೊಂಡಿದ್ದೆ, ಹುಲಿ ಹೊಡೆದವರ ಥರ. ಈಗ ನನಗೆ ಅರವತ್ತೊಂದು. ಹೋಗಿ ಹಗ್ಗ ಎಳೆದೆ. ಒಂದು, ಎರಡು, ಹತ್ತು, ಇಪ್ಪತ್ತು. ಇಪ್ಪತ್ತೊಂದನೇ ಸಲಕ್ಕೆ ಸದ್ದು ಬಂತು. ಮಷೀನಿನದ್ದಲ್ಲ, ಭುಜದ್ದು.

ರಿಪೇರಿಯವನು ಮಂಡಕ್ಕಿ ಬಾಯಿಗೆ ಹಾಕುತ್ತಲೇ ವಿಚಾರಣೆ ಶುರು ಮಾಡಿದ. ನಮ್ಮಲ್ಲಿ ಅವನೇ ಚಿಕ್ಕವನು. ಪಂಪು, ಸ್ಪ್ರೇಯರ್, ಕಳೆ ಕೊಚ್ಚೋ ಮಷೀನು, ಎಲ್ಲಾ ಬಿಚ್ಚುತ್ತಾನೆ. ಕೆಲವನ್ನು ಮತ್ತೆ ಜೋಡಿಸುತ್ತಾನೆ.

"ಅಣ್ಣಾ, ಚೋಕ್ ಹಾಕಿ ಎಳೆದ್ರಾ?"

"ಹೂಂ."

"ಒಂದು ಸಲ ಕೆಮ್ಮಿರಬೇಕಲ್ಲ?"

"ನಾಲ್ಕನೇ ಸಲಕ್ಕೆ ಕೆಮ್ಮಿತು."

"ಕೆಮ್ಮಿದ ತಕ್ಷಣ ಚೋಕ್ ತೆಗೀಬೇಕು. ನೀವು ತೆಗೀಲಿಲ್ಲ. ಆಮೇಲೆ ಹದಿನೇಳು ಸಲ ಅದಕ್ಕೆ ಪೆಟ್ರೋಲ್ ಕುಡಿಸಿದ್ದೀರಿ. ಪ್ಲಗ್ ನೆಂದು ತೊಪ್ಪೆ ಆಗಿರ್ತದೆ, ಹೆಂಗೆ ಸ್ಟಾರ್ಟ್ ಆಗಬೇಕು? ನೆಲಕ್ಕಿಟ್ಟು, ಹಿಂದಿನ ಹಿಡಿಯೊಳಗೆ ಬಲಗಾಲು ತೂರಿಸಿ ಎಳೆದ್ರಾ?"

"ಇಲ್ಲ. ಒಂದು ಕೈಯಲ್ಲಿ ಎತ್ತಿ ಹಿಡಕೊಂಡು, ಇನ್ನೊಂದು ಕೈಯಲ್ಲಿ..."

"ಸಿನಿಮಾ ಥರ."

"ಸಿನಿಮಾ ಥರ," ಒಪ್ಪಿಕೊಂಡೆ.

"ಡಾಕ್ಟರಿಗೆ ತೋರಿಸ್ರಿ ಮೊದಲು," ಅಂದರು ಗೌಡ್ರು.

"ಹುಷಾರು," ಅಂದರು ಮೇಷ್ಟ್ರು. "ಚೈನಿನ ಗರಗಸ ಮೊದಲು ಹುಟ್ಟಿದ್ದೇ ಡಾಕ್ಟರ್ ಕೈಯಲ್ಲಿ. 1780ರ ದಶಕ, ಸ್ಕಾಟ್ಲೆಂಡು. ಎಲುಬು ಕೊಯ್ಯೋಕೆ."

ನನ್ನ ಮಿರ್ಚಿ ಗಂಟಲಲ್ಲೇ ನಿಂತಿತು.

ಮೇಷ್ಟ್ರಿಗೆ ಒಂದು ಎಳೆ ಸಿಕ್ಕರೆ ಸಾಕು, ಇಡೀ ಸೀರೆ ನೇಯುತ್ತಾರೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ ಗರಗಸ ಮಾಡಿದನಂತೆ, 64 ಕೆಜಿ. ಇಬ್ಬರು ಹಿಡಿಯಬೇಕು. 1929ರಲ್ಲಿ ಪೆಟ್ರೋಲಿನದ್ದು ಬಂತು, 46 ಕೆಜಿ. 1950ರಲ್ಲಿ ಒಬ್ಬನೇ ಹಿಡಿಯೋ ಮಷೀನು, 16 ಕೆಜಿ. 1959ರಲ್ಲಿ 12ಕ್ಕೆ ಇಳಿಯಿತು.

"ನಾನು ಹುಟ್ಟಿದ್ದೂ 1959," ಅಂದರು ಮೇಷ್ಟ್ರು. "ಆವಾಗ ಅದು 12 ಕೆಜಿ, ನಾನು 3. ಈಗ ಅದು 4, ನಾನು 84."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ತಮ್ಮ ತಮ್ಮ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ. ಗೌಡ್ರು ಮೂರನೇ ಮಿರ್ಚಿಯನ್ನು ಪ್ಲೇಟಿಗೆ ವಾಪಸ್ ಇಟ್ಟರು. ಆಮೇಲೆ ತೆಗೆದುಕೊಂಡರು.

"ಹಗುರದ್ದು ತಗೊಳ್ರಿ ಅಣ್ಣಾ," ಅಂದ ರಿಪೇರಿಯವನು.

ಗೌಡ್ರಿಗೆ ಇದು ಸರಿಬರಲಿಲ್ಲ. "ಹಗುರದ್ದು ಯಾಕ್ರೀ? ನಮ್ಮಪ್ಪ ಎಪ್ಪತ್ತರಲ್ಲೂ ಕೊಡಲಿ ಬೀಸ್ತಿದ್ದ. ಮಷೀನು ಅಂದ್ರೆ ಕೈಗೆ ಭಾರ ಹತ್ತಬೇಕು. ಆಟದ ಸಾಮಾನು ತಗೊಂಡು ತೋಟಕ್ಕೆ ಹೋದ್ರೆ ಮರ ನಗ್ತದೆ."

"ನಿಮ್ಮಪ್ಪನ ಕೊಡಲಿ ಎಷ್ಟು ತೂಕ ಇತ್ತು?"

"ಇರಬಹುದು, ಎರಡು ಕೆಜಿ."

"ಇವರದ್ದು?"

ಇಲ್ಲಿಂದ ಕಥೆ ತಕ್ಕಡಿಗೆ ಹೋಯಿತು. ರಿಪೇರಿಗೆ ಅಂತ ನಾನು ಆ ಮಷೀನನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನ ಕಾಲಿಡೋ ಜಾಗದಲ್ಲಿ ಇಟ್ಟುಕೊಂಡು ಬಂದಿದ್ದೆ. ಪಕ್ಕದಲ್ಲೇ ಮಂಡಕ್ಕಿ, ಅವಲಕ್ಕಿ, ಶೇಂಗಾ ಮಾರುವ ಅಂಗಡಿ. ಕರೆಂಟಿನ ತಕ್ಕಡಿ ಇದೆ. ಅಂಗಡಿಯಜ್ಜ ಚೀಲದ ಬುಡದಲ್ಲಿದ್ದ ಕಪ್ಪು ಕಲೆ ನೋಡಿ, "ಎಣ್ಣೆ ಸೋರ್ತೈತಿ, ಪೇಪರ್ ಹಾಕ್ರಿ" ಅಂದ. ಹಳೇ ಪೇಪರ್ ಹಾಸಿದೆವು. ಗೌಡ್ರೂ ರಿಪೇರಿಯವನೂ ಸೇರಿ ಎತ್ತಿ ಇಟ್ಟರು. ಕೆಂಪು ಅಂಕಿ ಓಡಾಡಿ ನಿಂತಿತು. 7.840.

"ಹತ್ತತ್ರ ಎಂಟು ಕೆಜಿ," ಅಂದ ಅಜ್ಜ. "ಎಂಟು ಕೆಜಿ ಮಂಡಕ್ಕಿ ಅಂದ್ರೆ ಇಡೀ ಓಣಿಗೆ ಸಂಜೆ ತಿಂಡಿ ಆಗ್ತದೆ."

ನನಗೆ ಸಿಟ್ಟು ಬಂತು. ಡಬ್ಬದ ಮೇಲೆ ಐದೂವರೆ ಅಂತ ಬರೆದಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅದು ಬರೀ ಮೈ ತೂಕ ಅಣ್ಣಾ. ಪಟ್ಟಿ ಇಲ್ಲ, ಚೈನ್ ಇಲ್ಲ, ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ. ಎಲ್ಲಾ ಕಂಪನಿಯವರೂ ಹಂಗೇ ಬರೆಯೋದು."

"ಹೆಣ್ಣಿನ ಕಡೆಯವರಿಗೆ ಹುಡುಗನ ವಯಸ್ಸು ಹೇಳಿದಂಗೆ," ಅಂದರು ಮೇಷ್ಟ್ರು.

ನಿಜ ಹೇಳಬೇಕು ಅಂದರೆ ಮಷೀನಿನ ಭಾರಕ್ಕಿಂತ ಆ ಉದ್ದನೆ ಪಟ್ಟಿಯ ಭಾರವೇ ಭುಜವನ್ನು ತಿನ್ನೋದು. ತೂಕವೆಲ್ಲಾ ಮೂತಿಗೆ ಹೋಗಿ ಕೂರುತ್ತದೆ. ಅಂಗೈ ಚಾಚಿ ಬಿಂದಿಗೆ ಹಿಡಿದು ನೋಡಿ, ಸೊಂಟದ ಮೇಲೆ ಇಟ್ಟುಕೊಂಡು ನೋಡಿ. ನೀರು ಅಷ್ಟೇ, ಬಿಂದಿಗೆ ಅದೇ. ರಿಪೇರಿಯವನು ಒಂದು ಪ್ರಶ್ನೆ ಕೇಳಿದ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಡಿಕೆ ಮರ ಎಷ್ಟು ದಪ್ಪ ಇರ್ತದೆ ಅಣ್ಣಾ?"

ಒಂದು ಗೇಣು ಇಲ್ಲ. ಒಂದು ಗೇಣಿಲ್ಲದ ಮರಕ್ಕೆ ನಾನು ಆರು ವರ್ಷ 22 ಇಂಚಿನ ಪಟ್ಟಿ ಹೊತ್ತುಕೊಂಡು ತಿರುಗಿದ್ದೇನೆ. ತೆಂಗು ಆದರೂ ಒಂದಡಿ, ಸ್ವಲ್ಪ ಹೆಚ್ಚು ಕಮ್ಮಿ. 14 ಇಂಚು ಧಾರಾಳ ಸಾಕು. ಅದಕ್ಕಿಂತ ದಪ್ಪ ಇದ್ದರೆ ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ ಕೊಯ್ಯಬಹುದು.

"ಹಂಗಾದ್ರೆ 22 ಇಂಚು ಯಾಕೆ ತಗೊಂಡ್ರಿ?" ಮೇಷ್ಟ್ರು ಮುಗ್ಧವಾಗಿ ಕೇಳಿದರು.

"ಪಕ್ಕದ ತೋಟದವರ ಹತ್ರ 18 ಇತ್ತು."

ಇದಕ್ಕೆ ಗೌಡ್ರು ಮಾತ್ರ ತಲೆ ಆಡಿಸಿದರು. ಅವರಿಗೆ ಅದು ಸರಿಯಾದ ಕಾರಣ.

ಮಷೀನನ್ನು ಪೇಪರಿನ ಮೇಲೆ ಮಗ್ಗುಲಾಗಿಸಿ ರಿಪೇರಿಯವನು ಚೈನಿನ ಒಂದು ಹಲ್ಲಿನ ಮೇಲೆ ಹೆಬ್ಬೆರಳು ಇಟ್ಟ. ಸವರಿದ. ಮತ್ತೆ ಸವರಿದ. ಏನೂ ಆಗಲಿಲ್ಲ. "ಇದರಲ್ಲಿ ಬೆಣ್ಣೆ ಕೊಯ್ಯಬಹುದು," ಅಂದ. "ಅದೂ ಬಿಸಿಲಿಗಿಟ್ಟ ಬೆಣ್ಣೆ. ಕೊಯ್ಯೋವಾಗ ಏನು ಉದುರ್ತಿತ್ತು? ಹಿಟ್ಟೋ ಅವಲಕ್ಕಿಯೋ?"

"ಹಿಟ್ಟು. ನುಣ್ಣಗೆ."

"ಹರಿತ ಇರೋ ಚೈನು ಅವಲಕ್ಕಿ ಉದುರಿಸ್ತದೆ. ಹಿಟ್ಟು ಬಂತು ಅಂದ್ರೆ ಮೊಂಡಾಗಿದೆ ಅಂತ. ಆವಾಗ ನೀವು ಮೇಲಿಂದ ಒತ್ತುತ್ತೀರಿ. ಒತ್ತಿದ್ದಕ್ಕೆ ಸೊಂಟ ನೋವು. ಮಷೀನಿನ ಮೇಲೆ ಯಾಕೆ ತಪ್ಪು ಹೊರಿಸ್ತೀರಿ? ಒಂದು ದುಂಡನೆ ಅರ ತಗೊಳ್ರಿ. ಸಣ್ಣ ಮಷೀನಿನ ಚೈನಿಗೆ 4 ಎಂಎಂ. ಪ್ರತಿ ಹಲ್ಲಿಗೆ ಎರಡು ಮೂರು ಸಲ, ಒಂದೇ ದಿಕ್ಕಿಗೆ ಉಜ್ಜಬೇಕು. ಹಿಂದೆ ಮುಂದೆ ಆಡಿಸಬಾರದು, ಹಲ್ಲುಜ್ಜೋ ಬ್ರಶ್ ಅಲ್ಲ ಅದು."

ಆ ಹಲ್ಲಿನ ಆಕಾರಕ್ಕೂ ಮೇಷ್ಟ್ರ ಹತ್ತಿರ ಕಥೆ ಇತ್ತು. 1946ರಲ್ಲಿ ಅಮೆರಿಕದಲ್ಲಿ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯುವವನು ಒಂದು ಬೊಡ್ಡೆಯಲ್ಲಿ ಹುಳ ಮರ ಕೊರೆಯೋದನ್ನು ನೋಡಿದನಂತೆ. ಅದು ಎಡಕ್ಕೊಂದು ಬಲಕ್ಕೊಂದು ಕಚ್ಚುತ್ತಾ ಹೋಗುತ್ತಿತ್ತು. ಅದನ್ನೇ ನೋಡಿ ಚೈನಿನ ಹಲ್ಲು ಮಾಡಿದ. ಈಗಿನ ಚೈನುಗಳೆಲ್ಲಾ ಆ ಹುಳದ ಸಂತಾನ.

"ನಮ್ಮ ತೆಂಗಿಗೂ ಹುಳ ಬಿದ್ದಿತ್ತು," ಅಂದರು ಗೌಡ್ರು ಬೇಜಾರಿನಿಂದ. "ಅವನು ಕಂಪನಿ ಕಟ್ಟಿದ. ನಾನು ಔಷಧಿ ಅಂಗಡಿಗೆ ಓಡಿದೆ."

ಬ್ಯಾಟರಿಯದ್ದು ತಗೊಂಡರೆ ಹೆಂಗೆ ಅಂತ ನಾನೇ ಕೇಳಿದೆ. ಹಗ್ಗ ಎಳೆಯೋದೇ ಇಲ್ಲ, ಗುಂಡಿ ಒತ್ತಿದರೆ ಆಯಿತು. ಹೊಗೆ ಇಲ್ಲ, ಸದ್ದು ಕಮ್ಮಿ. ಗರಿ, ಸಣ್ಣ ಕೊಂಬೆ ಸವರೋಕೆ ಅಂಗೈ ಉದ್ದದ ಪಟ್ಟಿ ಇರೋ ಪುಟ್ಟ ಮಷೀನೂ ಬಂದಿವೆ, ಒಂದೂವರೆ ಕೆಜಿ ಆಸುಪಾಸು. ಕೇಳೋಕೆ ಚೆನ್ನಾಗಿತ್ತು. ಆದರೆ ಬ್ಯಾಟರಿ ಬೇರೆ, ಚಾರ್ಜರ್ ಬೇರೆ, ಎಷ್ಟೋ ಸಲ ಮಷೀನಿನ ಜೊತೆ ಬರೋದೇ ಇಲ್ಲ. ಎಂಟು ಮರ ಕೊಯ್ಯಬೇಕು ಅಂದರೆ ಎರಡನೇ ಬ್ಯಾಟರಿ ಬೇಕು. ನಮ್ಮ ತೋಟದ ಮನೆಗೆ ಕರೆಂಟು ಬರೋ ಹೊತ್ತಿಗೆ ನಾನು ನಿದ್ದೆಯಲ್ಲಿ ಇರುತ್ತೇನೆ. ಮನೆ ಹಿಂದೆ ಎರಡು ಮಾವು, ಒಂದು ನುಗ್ಗೆ ಇರೋರಿಗೆ ಅದು ಸರಿ. ನನಗೆ ಆಗಿಬರಲ್ಲ.

ಹಾಗಾಗಿ ತೀರ್ಮಾನ 30 ಸಿಸಿಯ ಸಣ್ಣ ಪೆಟ್ರೋಲ್ ಮಷೀನಿಗೆ ಬಂದು ನಿಂತಿತು. ರಿಪೇರಿಯವನು ಅಲ್ಲೂ ಒಂದು ಬ್ರೇಕ್ ಹಾಕಿದ. "ಹಗುರ ಅಂತ ಕಣ್ಣು ಮುಚ್ಚಿ ತಗೋಬೇಡಿ. ಹಿಡಿಗೂ ಇಂಜಿನ್ನಿಗೂ ಮಧ್ಯೆ ಸ್ಪ್ರಿಂಗೋ ರಬ್ಬರೋ ಇರಬೇಕು. ಅದಿಲ್ಲದ ಮಷೀನು ಹಗುರ ಇದ್ದರೂ ಕೈಯನ್ನ ನಡುಗಿಸಿಬಿಡ್ತದೆ. ಹತ್ತು ನಿಮಿಷಕ್ಕೆ ಬೆರಳು ಜುಮ್ ಅಂತವೆ. ಇದನ್ನೇ ವರ್ಷಗಟ್ಟಲೆ ಮಾಡೋರಿಗೆ ಬೆರಳು ಬೆಳ್ಳಗಾಗಿ ಸ್ಪರ್ಶವೇ ಹೋಗ್ತದೆ."

"ಮುಂದೆ ಒಂದು ಗಾರ್ಡ್ ಇರ್ತದಲ್ಲ, ಅದು ಬೇಕಾ?" ಗೌಡ್ರು ಕೇಳಿದರು. "ನಮ್ಮ ಮಷೀನಿಂದು ಮುರಿದು ಎರಡು ವರ್ಷ ಆಯ್ತು."

ರಿಪೇರಿಯವನು ಪ್ಲೇಟ್ ಕೆಳಗಿಟ್ಟ. "ಗೌಡ್ರೆ, ಅದು ಯಾಕೆ ಇರೋದು ಅಂದ್ಕೊಂಡಿದ್ರಿ?"

"ಕೈಗೆ ಕಸ ಬೀಳಬಾರದು ಅಂತ."

"ಅದು ಬ್ರೇಕು. ಪಟ್ಟಿ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಮಷೀನು ಎಗರಿ ಮುಖಕ್ಕೆ ಬರ್ತದೆ. ಆವಾಗ ಆ ಗಾರ್ಡ್ ಕೈಗೆ ತಾಗಿ ಚೈನು ನಿಲ್ಲಬೇಕು."

ಗೌಡ್ರು ಒಂದು ಸಲ ಮೂಗು ಮುಟ್ಟಿ ನೋಡಿಕೊಂಡರು. ಇತ್ತು.

ನಾನು ಹದಿನೈದು ದಿನ ಬಿಟ್ಟು ಹೊಸದು ತಂದೆ. ಭುಜಕ್ಕೆ ಡಾಕ್ಟರು ಹೇಳಿದ್ದು ಅಷ್ಟೇ ದಿನದ ವಿಶ್ರಾಂತಿ. ಕಾಗದದ ಮೇಲೆ 3.9 ಕೆಜಿ. ನಾನು ಈಗ ಹುಷಾರು, 14 ಇಂಚಿನ ಪಟ್ಟಿ ಹಾಕಿ, ಎರಡೂ ಟ್ಯಾಂಕ್ ತುಂಬಿಸಿ, ಅದೇ ಅಜ್ಜನ ತಕ್ಕಡಿ ಮೇಲೆ ಇಟ್ಟೆ. ಐದಕ್ಕೆ ಸ್ವಲ್ಪ ಕಮ್ಮಿ ಬಂತು. "ಮೂರು ಕೆಜಿ ಇಳಿದೈತಿ," ಅಂದ ಅಜ್ಜ, ನನ್ನ ಹೊಟ್ಟೆ ಕಡೆ ನೋಡುತ್ತಾ.

ತೋಟದಲ್ಲಿ ಮೊದಲ ದಿನ ನಂಬಿಕೆ ಬರಲಿಲ್ಲ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ-ಟಿ ಆಯಿಲ್, ಕಂಪನಿ ಹೇಳಿದ ಲೆಕ್ಕ. ನೆಲಕ್ಕಿಟ್ಟೆ, ಬ್ರೇಕ್ ಹಾಕಿದೆ, ಕಾಲು ತೂರಿಸಿದೆ. ಎಳೆದೆ. ಕೆಮ್ಮಿತು. ಚೋಕ್ ತೆಗೆದೆ. ಇನ್ನೊಂದು ಸಲ ಎಳೆದದ್ದಕ್ಕೆ ಶುರುವಾಗಿಬಿಟ್ಟಿತು. ನಾನು ಇನ್ನೂ ಹದಿನೆಂಟು ಸಲ ಎಳೆಯೋ ತಯಾರಿಯಲ್ಲಿದ್ದೆ, ಆ ಶಕ್ತಿಯೆಲ್ಲಾ ಏನು ಮಾಡೋದು ಅಂತ ಗೊತ್ತಾಗಲಿಲ್ಲ. ಮಷೀನಿನ ಬುಡದ ಮುಳ್ಳನ್ನು ಮರಕ್ಕೆ ಆನಿಸಿದರೆ ಭಾರವನ್ನು ಮರವೇ ಹೊರುತ್ತದೆ. ಅವಲಕ್ಕಿ ಉದುರಿತು. ಬಿದ್ದ ಅಡಿಕೆಯಿಂದಲೇ ನಾಲ್ಕು ತುಂಡು ತೆಗೆದು, ಕತ್ತರಿ ಆಕಾರದಲ್ಲಿ ಎರಡು ಜೋಡಿ ಕಟ್ಟಿ ನಿಲ್ಲಿಸಿದೆ. ಉಳಿದದ್ದನ್ನು ಅದರ ಮೇಲಿಟ್ಟು ಸೊಂಟದ ಮಟ್ಟದಲ್ಲಿ ಕೊಯ್ದೆ. ಬಗ್ಗೋ ಕೆಲಸ ಅರ್ಧಕ್ಕರ್ಧ ತಪ್ಪಿತು. ದೊಡ್ಡ ಮಷೀನಿನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಇದರಲ್ಲೂ ಅರ್ಧ ದಿನವೇ ಹಿಡಿಯಿತು. ಸುಮ್ನೆ ಸುಳ್ಳು ಯಾಕೆ ಹೇಳಲಿ, ತೆಂಗಿಗೆ ನಿಧಾನವೇ. ಆದರೆ ಸಂಜೆ ಮಿರ್ಚಿಯನ್ನು ಬಲಗೈಯಲ್ಲೇ ತಿಂದೆ.

ಗೌಡ್ರು ಒಂದು ವಾರ ಅದರ ಹೆಸರು ಎತ್ತಲಿಲ್ಲ. ಎಂಟನೇ ದಿನ ಬೆಳಿಗ್ಗೆಯೇ ಮನೆಗೆ ಬಂದರು. ಕಾಫಿ ಕುಡಿದರು. ಮಳೆ ಬಗ್ಗೆ, ಅಡಿಕೆ ರೇಟಿನ ಬಗ್ಗೆ, ಭದ್ರಾ ಕಾಲುವೆಗೆ ನೀರು ಬಿಡೋ ಬಗ್ಗೆ ಮಾತಾಡಿದರು. ಬಾಗಿಲ ಹತ್ತಿರ ಹೋಗಿ ತಿರುಗಿದರು.

"ಆ ಆಟದ ಸಾಮಾನು ಐತಲ್ಲ, ಸುಮ್ನೆ ನೋಡಿ ಕೊಡ್ತೀನಿ."

ಕೊಟ್ಟೆ. ಗೌಡ್ರು ಒಂದೇ ಕೈಯಲ್ಲಿ ಹಿಡಿದುಕೊಂಡು ಹೋದರು. ಗೇಟಿನ ತನಕ ಅವರ ನಡಿಗೆಯಲ್ಲಿ ಹತ್ತು ವರ್ಷ ಕಮ್ಮಿಯಾಗಿತ್ತು.

ಮಧ್ಯಾಹ್ನ ಫೋನು. "ನಾನು ಆವತ್ತೇ ಹೇಳಿದ್ನಾ ಇಲ್ವಾ? ಹಗುರ ಮಷೀನು ಕೆಲಸಕ್ಕೆ ಬರಲ್ಲ ಅಂತ. ಅರ್ಧ ಗಂಟೆಯಿಂದ ಒತ್ತಿ ಹಿಡಿದೀನಿ, ಬರೀ ಹೊಗೆ ಬರ್ತೈತಿ. ಒಂದು ಇಂಚು ಇಳಿದಿಲ್ಲ."

"ಚೈನು ಏನಾದ್ರೂ ಬಿಚ್ಚಿದ್ರಾ ಗೌಡ್ರೆ?"

"ಹೂಂ ಮತ್ತೆ. ಎಣ್ಣೆ ಗಲೀಜು ಇತ್ತು, ನಿಮಗೆ ಉಪಕಾರ ಆಗಲಿ ಅಂತ ಬಿಚ್ಚಿ, ಒರೆಸಿ, ಹಾಕಿದೆ."

"ಪಟ್ಟಿಯ ಮೇಲ್ಗಡೆ ಹಲ್ಲು ಯಾವ ಕಡೆ ಮುಖ ಮಾಡ್ಯಾವೆ? ತುದಿ ಕಡೆಗೋ, ನಿಮ್ಮ ಕಡೆಗೋ?"

ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿ ಸದ್ದು.

"ನನ್ನ ಕಡೆಗೇ ನೋಡ್ತಾ ಅವೆ ಕಣ್ರೀ," ಅಂದರು ಗೌಡ್ರು, ಮೆಲ್ಲಗೆ. "ಮೇಷ್ಟ್ರಿಗೆ ಹೇಳಬ್ಯಾಡ್ರಿ."