ಟ್ಯಾಂಕಿನ ಅಡಿಯಲ್ಲಿ ಒಂದು ಲೀಟರ್ ನೀರು: ಪಂಪಿನವರು ಕೊಟ್ಟದ್ದಾ?

ಪ್ರಶ್ನೆ (ಬ್ರಹ್ಮಾವರದಿಂದ):
ಅಣ್ಣಾ, ಮೊನ್ನೆಯ ಜಡಿಮಳೆಗೆ ನಮ್ಮ ಬೈಕ್ ಅಂಗಳದಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆದರೂ ಮಿಸ್ ಹೊಡೆದು ಬಂದ್ ಬೀಳುತ್ತದೆ. ಟ್ಯಾಂಕ್ ಖಾಲಿ ಮಾಡಿ ನೋಡಿದರೆ ಐದು ಲೀಟರಿನಲ್ಲಿ ಅಡಿಯ ಒಂದು ಲೀಟರಿನಷ್ಟು ಬೇರೆಯೇ ಪದರ. ಪಂಪಿನವರು ನೀರು ಹಾಕಿ ಕೊಟ್ಟಿದ್ದಾರೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಅದನ್ನೇ ವಾಪಸ್ ಸುರಿದು ಮೇಲಿಂದ ಎರಡು ಲೀಟರ್ ಹೊಸ ಪೆಟ್ರೋಲ್ ಹಾಕಿದರೆ ಸರಿಯಾದೀತಾ?

ಉತ್ತರ (ಮಂಗಳೂರಿನ ಗ್ಯಾರೇಜಿನಿಂದ):
ವಾಪಸ್ ಸುರಿಯಬೇಡಿ ಮಾರಾಯ್ರೆ. ಹೊಸ ಪೆಟ್ರೋಲೂ ಹಾಳಾಗುತ್ತದೆ.

ಅಡಿಯಲ್ಲಿರುವುದು ಬರೀ ನೀರಲ್ಲ. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ಐದು ಲೀಟರಿನಲ್ಲಿ ಒಂದು ಲೀಟರಿನಷ್ಟು ಎಥೆನಾಲ್. ಎಥೆನಾಲ್‌ಗೆ ಪೆಟ್ರೋಲಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಸ್ವಲ್ಪ ನೀರಿದ್ದರೆ ಮೂರೂ ಒಂದಾಗಿಯೇ ಇರುತ್ತವೆ, ಎಂಜಿನ್‌ಗೆ ಗೊತ್ತೂ ಆಗುವುದಿಲ್ಲ. ಮಿತಿ ದಾಟಿತೋ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಅಡಿಗೆ ಇಳಿಯುತ್ತದೆ. ಹಾಗಾಗಿ ಕಾಲು ಲೀಟರ್ ನೀರು ಒಳಗೆ ಹೋದರೂ ಅಡಿಯ ಪದರ ಅದರ ಮೂರ್ನಾಲ್ಕು ಪಟ್ಟು ಕಾಣಬಹುದು.

ಬೇಕಾದರೆ ಒಂದು ಅಳತೆ ಗಾಜಿನಲ್ಲಿ ನೋಡಿ. 10 ಎಂಎಲ್ ನೀರು, ಅದರ ಮೇಲೆ 90 ಎಂಎಲ್ ಒಳ್ಳೆ ಇ20. ಮುಚ್ಚಿ ಅಲುಗಾಡಿಸಿ, ಸ್ವಲ್ಪ ಹೊತ್ತು ಇಡಿ. ಅಡಿಯ ಗೆರೆ 10ರಿಂದ 25ರ ಆಸುಪಾಸಿಗೆ ಏರಿರುತ್ತದೆ. ನೀವು ಹಾಕಿದ ನೀರು ಮಾತ್ರ 10ಕ್ಕಿಂತ ಜಾಸ್ತಿ ಇಲ್ಲ. ಇದನ್ನು ಅಂಗಳದಲ್ಲಿ ಮಾಡಿ, ಅಡುಗೆಮನೆ ಹತ್ತಿರ ಬೇಡ.

ನೀರು ಎಲ್ಲಿಂದ ಬಂತು? ಗಾಳಿಯ ತೇವವನ್ನೇ ಎಥೆನಾಲ್ ಕುಡಿದು ಟ್ಯಾಂಕ್ ತುಂಬಿಸುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡ್ತಾ ಉಂಟು. ತೇವ ಎಳೆಯುವುದು ನಿಜ, ಆದರೆ ಬಹಳ ನಿಧಾನ. ಕೆಲವು ದಿನಗಳಲ್ಲಿ ಇಷ್ಟಾಗುವುದಿಲ್ಲ. ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ರಬ್ಬರ್ ನೋಡಿ, ಬಿರುಕು ಬಿಟ್ಟಿರಬಹುದು. ಮುಚ್ಚಳದ ಪಕ್ಕದಲ್ಲಿ ನೀರು ಹೊರಹೋಗುವ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಮಣ್ಣು, ಎಲೆಚೂರು ಕೂತರೆ ಮಳೆನೀರು ಅಲ್ಲೇ ನಿಂತು ಒಳಗೆ ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ನಾನು ಮೊದಲು ಕೈ ಹಾಕುವುದೇ ಆ ತೂತಿಗೆ.

ಈಗ ಮಾಡಬೇಕಾದ್ದು: ಟ್ಯಾಂಕ್ ಪೂರ್ತಿ ಒಣಗಿಸಿ. ಕಾರ್ಬೊರೇಟರ್ ಗಾಡಿಯಾದರೆ ಅಡಿಯ ಬಟ್ಟಲಿನ ಸ್ಕ್ರೂ ಬಿಚ್ಚಿ ಖಾಲಿ ಮಾಡಿಸಿ. ಇಂಜೆಕ್ಟರ್ ಇರುವ ಗಾಡಿಯಾದರೆ (2020ರ ಏಪ್ರಿಲ್ ನಂತರದ, ಹೊಸ ಹೊಗೆ ನಿಯಮದ ಬಿಎಸ್6 ಗಾಡಿಗಳು ಹೆಚ್ಚಿನವು ಹೀಗೇ) ಟ್ಯಾಂಕಿನೊಳಗಿನ ಪಂಪು, ಇಂಜೆಕ್ಟರ್ ಎರಡನ್ನೂ ತೋರಿಸಿ. ತಡ ಮಾಡಿದರೆ ತುಕ್ಕು ಹಿಡಿದು ಖರ್ಚು ಏರುತ್ತದೆ. ತೆಗೆದದ್ದನ್ನು ತೋಟಕ್ಕೆ ಚೆಲ್ಲಲೇಬೇಡಿ. ನಿಮ್ಮ ಬಾವಿಗೂ ಪಕ್ಕದ ಮನೆಯ ಬಾವಿಗೂ ಅದು ಇಳಿಯುತ್ತದೆ. ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಇನ್ನೊಬ್ಬರು (ಸುರತ್ಕಲ್):
ಮೇಲಿನ ಪದರ ಒಳ್ಳೆ ಪೆಟ್ರೋಲೇ ಅಲ್ವಾ? ಅದನ್ನಾದರೂ ಹಾಕಬಹುದಾ?

ಉತ್ತರ:
ಬೇಡ. ಎಥೆನಾಲ್ ಇಳಿದುಹೋದ ಮೇಲೆ ಅದರ ಆಕ್ಟೇನ್, ಅಂದರೆ ಹೊತ್ತಿಗೆ ಮೊದಲೇ ಉರಿಯದೆ ತಡೆಯುವ ಗುಣ, ಕಡಿಮೆಯಾಗುತ್ತದೆ, ಏರಿನಲ್ಲಿ ಎಂಜಿನ್ ಬಡಿಯುತ್ತದೆ. ನೀರು ಹೀರಲಿ ಅಂತ ಸ್ಪಿರಿಟ್ ಹಾಕುವ ಹಳೆ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಅಂದಹಾಗೆ, ನಿಮ್ಮ ಊರಿನ ರಿಫೈನರಿಯ ಪೆಟ್ರೋಲ್ ಪೈಪಿನಲ್ಲಿ ಹಾಸನ, ಬೆಂಗಳೂರಿಗೆ ಹೋಗುತ್ತದೆ. ಎಥೆನಾಲ್ ಬೆರೆಸುವುದು ಆಮೇಲೆ, ಡಿಪೋದಲ್ಲಿ. ಪೈಪಿನಲ್ಲಿ ನೀರಿನ ಪಸೆ ಇದ್ದೀತೆಂಬ ಭಯ ಅವರಿಗೂ ಉಂಟು.

ಪ್ರಶ್ನೆ ಕೇಳಿದವರು:
ಹಾಗಾದರೆ ಪಂಪಿನವರದು ತಪ್ಪೇ ಇಲ್ಲವಾ?

ಉತ್ತರ:
ಹಾಗೆ ಹೇಳಲಾರೆ. ಮಳೆಗಾಲದಲ್ಲಿ ನೆಲದಡಿಯ ಟ್ಯಾಂಕಿಗೂ ಮುಚ್ಚಳದ ಸಂದಿಯಿಂದ ನೀರು ಇಳಿಯುವುದುಂಟು. ಅದೇ ದಿನ ಅಲ್ಲಿ ಹಾಕಿಸಿದ ಬೇರೆ ಗಾಡಿಗಳೂ ನಿಂತಿವೆಯಾ ವಿಚಾರಿಸಿ. ನಿಂತಿದ್ದರೆ ಪಂಪಿಗೆ ಹೋಗಿ, ಅಳತೆ ಕಡ್ಡಿಗೆ ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ನೆಲದಡಿಯ ಟ್ಯಾಂಕಿನ ನೀರು ನೋಡಲು ಹೇಳಿ. ಎಥೆನಾಲ್ ಬೆರೆತ ನೀರನ್ನು ಹಳೆ ಪೇಸ್ಟ್ ಸರಿಯಾಗಿ ತೋರಿಸುವುದಿಲ್ಲ, ಅದಕ್ಕೆಂದೇ ಇರುವ ಪೇಸ್ಟ್ ಬೇಕು. ಕಾಗದದ ಮೇಲೆ ಪೆಟ್ರೋಲ್ ಹನಿ ಬಿಟ್ಟು ಕಲೆ ಉಳಿಯುತ್ತದಾ ನೋಡುವ ಫಿಲ್ಟರ್ ಪೇಪರ್ ಪರೀಕ್ಷೆ ಕಲಬೆರಕೆಗೆ, ನೀರಿಗಲ್ಲ. ನಿಮ್ಮ ಗಾಡಿ ಒಂದೇ ಆದರೆ ಮುಚ್ಚಳದ ರಬ್ಬರ್ ಬದಲಿಸಿ, ತೂತಿಗೆ ತಂತಿ ಹಾಕಿ ಬಿಡಿಸಿ.