ಎಲ್ಫ್ ನೌಕಾಪಡೆ ಬಂದೊಡನೆ ಆಟವೇ ನಿಂತುಹೋಗುತ್ತಿದೆ, ಏನು ಬದಲಿಸಲಿ?

ನಕ್ಷತ್ರನಾವಿಕ:

ಎಲ್ಲರಿಗೂ ನಮಸ್ಕಾರ. ಅಂತರಿಕ್ಷದಲ್ಲಿ ಹಾರುವ ಮಾಯಾಹಡಗುಗಳ ಪಾತ್ರಾಭಿನಯದ ಆಟ ಸ್ಪೆಲ್‌ಜಾಮರ್. 1989ರಲ್ಲಿ ಬಂದ ಅದರ ನಿಯಮಗಳನ್ನು, ಅಂದರೆ ಎಡಿ ಅಂಡ್ ಡಿ (ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಎರಡನೆಯ ಆವೃತ್ತಿಯ ಕಾಲದವನ್ನು, ಇಟ್ಟುಕೊಂಡು ನಾಲ್ಕು ಜನರಿಗೆ ಡಿಎಂ (ಆಟ ನಡೆಸುವವರು) ಆಗಿ ಒಂದು ಕ್ಯಾಂಪೇನ್, ಅಂದರೆ ಸೆಷನ್ನಿನಿಂದ ಸೆಷನ್ನಿಗೆ ಮುಂದುವರಿಯುವ ಕಥೆ, ನಡೆಸುತ್ತಿದ್ದೇನೆ. ಈವರೆಗೆ ಏಳು ಸೆಷನ್ ಆಗಿವೆ. ಆಟಗಾರರ ಬಳಿ 45 ಟನ್ನಿನ, ಸ್ಕ್ವಿಡ್‌ಶಿಪ್ ಎಂಬ ಒಂದು ಹಡಗು ಇದೆ. ಮೂರನೆಯ ಸೆಷನ್ನಿನಲ್ಲಿ ಅವರು ಊರು ಕಳೆದುಕೊಂಡ 30 ಗಾಬ್ಲಿನ್‌ಗಳನ್ನು (ಕುಳ್ಳ ಅಮಾನುಷ ಕುಲದವರನ್ನು) ಹಡಗಿಗೆ ಹತ್ತಿಸಿಕೊಂಡರು. ನಾನು ಯೋಜಿಸಿದ್ದ ಕಥೆಗಿಂತ ಅದು ಎಷ್ಟೋ ಚೆನ್ನಾಗಿತ್ತು. ಗಾಬ್ಲಿನ್ ಕುಲಗಳು ಮತ್ತೆ ಅಂತರಿಕ್ಷಕ್ಕೆ ಬರಬಾರದು ಎಂದು ಎಲ್ಫ್ ಎಂಬ ದೀರ್ಘಾಯುಷಿ ಕುಲದ ಸಾಮ್ರಾಜ್ಯ ನೌಕಾಪಡೆ ಪಣ ತೊಟ್ಟಿರುವುದರಿಂದ, ಅವರು ಬೆನ್ನಟ್ಟುವುದು ಸಹಜ ಎಂದು ನನಗೆ ಅನ್ನಿಸಿತು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಆಟಗಾರರು ಎಲ್ಲಿಗೆ ಹೋದರೂ ಚಿಟ್ಟೆಯ ರೆಕ್ಕೆಯಂಥ ಹಾಯಿಗಳ ಮ್ಯಾನ್-ಓ-ವಾರ್ ಹಡಗುಗಳು ಎರಡು ಮೂರಾಗಿ ಎದುರಾಗುತ್ತವೆ. ಹೋರಾಡಿ ಗೆಲ್ಲುವುದು ಸಾಧ್ಯವಿಲ್ಲ, ಓಡಿ ತಪ್ಪಿಸಿಕೊಂಡರೂ ಪ್ರಯೋಜನವಿಲ್ಲ. ಮೊದಲು ನಾನು ಶತ್ರು ಹಡಗಿನ ಹಲ್ ಪಾಯಿಂಟ್ (ಹಡಗು ಎಷ್ಟು ಪೆಟ್ಟು ತಾಳುತ್ತದೆ ಎಂಬ ಅಂಕ) ಕಡಿಮೆ ಮಾಡಿದೆ. ಹಿಂದಿನ ಸಲ ಅಷ್ಟು ಗಟ್ಟಿಯಾಗಿದ್ದ ಹಡಗು ಈಗೇಕೆ ಹೀಗೆ ಎಂದು ಆಟಗಾರರು ಒಡನೆಯೇ ಗುರುತಿಸಿದರು. ಆಮೇಲೆ ಎಲ್ಫ್ ಕಪ್ತಾನನನ್ನು ಸ್ವಲ್ಪ ಪೆದ್ದನನ್ನಾಗಿ ಮಾಡಿದೆ, ಅದು ಇನ್ನೂ ಕೆಟ್ಟಿತು. ಕಳೆದ ಸೆಷನ್ನಿನಲ್ಲಿ ದಾರಿ ಯಾವುದೆಂದು ಕೇಳಿದಾಗ ಒಬ್ಬಳು ಡೈಸ್ ಕೆಳಗಿಟ್ಟು, "ಹೇಗೂ ಅವರೇ ಬರುತ್ತಾರಲ್ಲ, ನಾವು ಯಾಕೆ ಯೋಚಿಸಬೇಕು?" ಎಂದಳು. ಆ ಮಾತು ನನ್ನನ್ನು ಬಿಟ್ಟುಹೋಗಿಲ್ಲ. ನೌಕಾಪಡೆಯ ಬಲವನ್ನು ಕುಗ್ಗಿಸದೆ ಇದನ್ನು ಸರಿಪಡಿಸುವ ದಾರಿ ಇದೆಯೇ?

ದಿಕ್ಸೂಚಿ:

ಉತ್ತರಿಸುವ ಮೊದಲು ಮೂರು ವಿಷಯ ತಿಳಿಯಬೇಕು. ನಿಮ್ಮ ಗ್ರಹವ್ಯೂಹ ಎಷ್ಟು ದೊಡ್ಡದು, ನೌಕಾಪಡೆಯ ನೆಲೆ ಅದರಲ್ಲಿ ಎಲ್ಲಿದೆ? ಆ ನೆಲೆಯಲ್ಲಿ ಒಟ್ಟು ಎಷ್ಟು ಹಡಗುಗಳಿವೆ? ಸ್ಕ್ವಿಡ್‌ಶಿಪ್ ಎಲ್ಲಿದೆಯೆಂಬ ಸುದ್ದಿ ಅವರಿಗೆ ಪ್ರತಿ ಸಲ ಹೇಗೆ ತಲುಪುತ್ತಿದೆ?

ನಕ್ಷತ್ರನಾವಿಕ:

ಗ್ರಹವ್ಯೂಹದ ಅಳತೆಗಳನ್ನು ನಮ್ಮ ಸೌರವ್ಯೂಹದಿಂದಲೇ ತೆಗೆದುಕೊಂಡಿದ್ದೇನೆ, ಹೆಸರುಗಳು ಮಾತ್ರ ಬೇರೆ. ನೆಲೆ ಇರುವುದು ಐದನೆಯ ಗ್ರಹದ ಒಂದು ಉಪಗ್ರಹದಲ್ಲಿ. ಹಡಗುಗಳ ಸಂಖ್ಯೆಯನ್ನು ನಾನು ನಿರ್ಧರಿಸಿಯೇ ಇಲ್ಲ. ಸುದ್ದಿ ಹೇಗೆ ತಲುಪುತ್ತದೆ ಎಂಬುದಕ್ಕೆ ಮಾಯಾವಿದ್ಯೆ ಎಂದಷ್ಟೇ ಇಟ್ಟುಕೊಂಡಿದ್ದೆ.

ದಿಕ್ಸೂಚಿ:

ಹಾಗಾದರೆ ದೋಷ ಸಿಕ್ಕಿತು. ನಿಮ್ಮ ಎಲ್ಫ್‌ಗಳು ಬಲಿಷ್ಠರಾಗಿರುವುದರಿಂದ ಆಟ ಕೆಟ್ಟಿಲ್ಲ, ಏಕಕಾಲಕ್ಕೆ ಎಲ್ಲೆಡೆಯೂ ಇರುವುದರಿಂದ ಕೆಟ್ಟಿದೆ. ಹಲ್ ಪಾಯಿಂಟುಗಳನ್ನು ಮೊದಲಿನಂತೆಯೇ ಮಾಡಿ, ಕಪ್ತಾನನಿಗೆ ಅವನ ಬುದ್ಧಿಯನ್ನು ಹಿಂದಿರುಗಿಸಿ. ಅದರ ಬದಲು ಅವರಿಗೆ ದೂರವನ್ನೂ ಉಸಿರಾಡುವ ಗಾಳಿಯನ್ನೂ ಲೆಕ್ಕಕ್ಕೆ ತನ್ನಿ, ಏಕೆಂದರೆ ಈ ನಿಯಮಗಳಲ್ಲಿ ಅವೆರಡೂ ಎಲ್ಫ್‌ಗಳಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸುತ್ತವೆ.

ದೂರದಿಂದ ಶುರುಮಾಡೋಣ. ಗ್ರಹವ್ಯೂಹದೊಳಗೆ ಹಡಗಿನ ಪೂರ್ಣ ವೇಗ ದಿನಕ್ಕೆ 10 ಕೋಟಿ ಮೈಲಿ. ಸೂರ್ಯನಿಂದ ಭೂಮಿಗಿರುವ ದೂರ ಸುಮಾರು 9.3 ಕೋಟಿ ಮೈಲಿ, ಒಂದು ದಿನದೊಳಗೆ ಮುಗಿಯುತ್ತದೆ. ಬಹುಶಃ ಈ ಸಂಖ್ಯೆಯನ್ನು ನೋಡಿಯೇ ನಿಮಗೆ ನೌಕಾಪಡೆ ಎಲ್ಲಿಗೆ ಬೇಕಾದರೂ ತಕ್ಷಣ ತಲುಪುತ್ತದೆ ಎಂದು ಅನ್ನಿಸಿರಬೇಕು. ಆದರೆ ಗುರುವಿನಿಂದ ಭೂಮಿಗೆ ಬರಲು, ಎರಡೂ ಗ್ರಹಗಳು ಅಂದು ಎಲ್ಲಿವೆ ಎಂಬುದರ ಮೇಲೆ, ನಾಲ್ಕರಿಂದ ಆರು ದಿನ ಬೇಕು. ನೆಪ್ಚೂನ್ ಸೂರ್ಯನಿಂದ ಸುಮಾರು 280 ಕೋಟಿ ಮೈಲಿ ದೂರದಲ್ಲಿದೆ, ಅಂದರೆ 28 ದಿನಗಳ ಯಾನ. ವ್ಯೂಹವನ್ನು ಸುತ್ತುವರಿದಿರುವ ಸ್ಫಟಿಕಗೋಳದ ಗೋಡೆ ಇರುವುದು ಕೊನೆಯ ಗ್ರಹದ ದೂರದ ಎರಡರಷ್ಟು ಆಚೆಗೆ, ಹೀಗಾಗಿ ಅಲ್ಲಿಗೆ ಹೋಗಲು 56 ದಿನ, ಹಿಂದಿರುಗಲು ಇನ್ನೊಂದು 56. ಸುದ್ದಿಯೂ ಯಾವುದೋ ಹಡಗಿನಲ್ಲೇ ಬರಬೇಕು ಎಂದು ತೀರ್ಮಾನಿಸಿದರೆ, ನೆಪ್ಚೂನಿನ ಬಳಿ ಕಂಡ ಸ್ಕ್ವಿಡ್‌ಶಿಪ್ಪಿನ ಸುದ್ದಿ ಐದನೆಯ ಗ್ರಹದ ನೆಲೆಗೆ ಮುಟ್ಟಿ, ಅಲ್ಲಿಂದ ಹಡಗು ಹೊರಟು ಆ ಜಾಗಕ್ಕೆ ತಲುಪುವಷ್ಟರಲ್ಲಿ ಒಂದೂವರೆ ತಿಂಗಳಿಗಿಂತ ಹೆಚ್ಚೇ ಕಳೆದಿರುತ್ತದೆ.

ಈಗ ಗಾಳಿ. ಟನ್ನಿಗೆ ಒಬ್ಬರಂತೆ ಜನರಿದ್ದರೆ ಹಡಗಿನ ಸುತ್ತಲಿನ ಗಾಳಿ ನಾಲ್ಕು ತಿಂಗಳು ಶುದ್ಧವಾಗಿರುತ್ತದೆ. ಮ್ಯಾನ್-ಓ-ವಾರ್ 60 ಟನ್ನಿನದು, ಪೂರ್ಣ ಸಿಬ್ಬಂದಿ 60. ಅಂದರೆ ಸುಮಾರು 120 ದಿನ. ಸೂರ್ಯನ ಬಳಿಯಿಂದ ಗೋಳದ ಗೋಡೆಯವರೆಗೆ ಹೋಗಿ ಬರುವುದಕ್ಕೆ 112 ದಿನ ಹಿಡಿಯುತ್ತದೆಯಾದ್ದರಿಂದ, ದಾರಿಯಲ್ಲಿ ಎಲ್ಲಿಯೂ ಗಾಳಿ ಬದಲಿಸಿಕೊಳ್ಳದಿದ್ದರೆ ಆ ಕಪ್ತಾನನ ಕೈಯಲ್ಲಿ ಉಳಿಯುವುದು ಎಂಟೇ ದಿನ. ಅವನು 30 ಗಾಬ್ಲಿನ್‌ಗಳನ್ನು ಸೆರೆಹಿಡಿದು ತನ್ನ ಹಡಗಿಗೆ ಹತ್ತಿಸಿಕೊಂಡ ಎಂದುಕೊಳ್ಳಿ. ಆಗ ಉಸಿರಾಡುವವರು 90 ಜನ, ಮೊದಲ ದಿನದಿಂದಲೇ ಅಷ್ಟು ಜನರಿದ್ದರೆ 120 ದಿನಗಳ ಗಾಳಿ 80 ದಿನಕ್ಕೆ ಇಳಿಯುತ್ತದೆ. ಸೆರೆಯಾಳುಗಳನ್ನು ಹಿಡಿಯುವುದೇ ಅವನಿಗೆ ಸಂಕಟವಾಗುತ್ತದೆ, ಆಟಗಾರರು ಅವನೊಡನೆ ಮಾತಿಗೆ ಕೂರಲು ಅಲ್ಲೊಂದು ಬಾಗಿಲು ತೆರೆಯುತ್ತದೆ.

ಹಾಗಾದರೆ ಸ್ಕ್ವಿಡ್‌ಶಿಪ್ಪನ್ನೇ ವಶಪಡಿಸಿಕೊಂಡು, ಗಾಬ್ಲಿನ್‌ಗಳನ್ನು ಅದರಲ್ಲೇ ಬಿಟ್ಟು ಜೊತೆಗೆ ಕರೆದೊಯ್ಯಬಹುದಲ್ಲ ಎಂದು ನೀವು ಕೇಳಬಹುದು. ಕರೆದೊಯ್ಯಬಹುದು, ಆದರೆ ಆ ಹಡಗಿನ ಹೆಲ್ಮ್, ಅಂದರೆ ಹಡಗನ್ನು ಓಡಿಸುವ ಮಾಯಾಕುರ್ಚಿಯ, ಮೇಲೆ ಕೂರಲು ಮಾಯಾವಿದ್ಯೆ ಬಲ್ಲ ಒಬ್ಬರು ಬೇಕು. ಎರಡನೆಯ ಆವೃತ್ತಿಯಲ್ಲಿ ಹೆಲ್ಮ್ ಮೇಲೆ ಕೂತವರು ಆ ದಿನದ ಸ್ಪೆಲ್‌ಗಳನ್ನೆಲ್ಲ (ಮಂತ್ರಗಳನ್ನೆಲ್ಲ) ಕಳೆದುಕೊಳ್ಳುತ್ತಾರೆ. ಹಗಲು ರಾತ್ರಿ ಸರದಿಯ ಮೇಲೆ ಹಡಗು ಓಡಿಸಿಕೊಂಡು ಬಂದ ಎಲ್ಫ್ ಮಾಂತ್ರಿಕರು ನಿಮ್ಮ ಆಟಗಾರರ ಎದುರಿಗೆ ನಿಲ್ಲುವಾಗ ಬರಿಗೈಯಲ್ಲಿರುತ್ತಾರೆ. ಅವರಲ್ಲೊಬ್ಬರನ್ನು ವಶಪಡಿಸಿಕೊಂಡ ಹಡಗಿಗೆ ಕಳಿಸಿದರೆ ಕಪ್ತಾನನ ಸ್ವಂತ ಹಡಗೇ ನಿಧಾನವಾಗಬೇಕಾಗುತ್ತದೆ. ಈ ನಿಯಮಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಏಕೆಂದರೆ ಎಷ್ಟೇ ಭವ್ಯವಾದ ಹಡಗಿನ ವೇಗವೂ ಕೊನೆಗೆ ಕುರ್ಚಿಯೊಂದರ ಮೇಲೆ ದಣಿದು ಕೂತ ಒಬ್ಬ ವ್ಯಕ್ತಿಯನ್ನು ಅವಲಂಬಿಸಿರುತ್ತದೆ.

ಇನ್ನು ಹಡಗುಗಳ ಸಂಖ್ಯೆಯನ್ನು ಇಂದೇ ಕಾಗದದ ಮೇಲೆ ಬರೆದುಬಿಡಿ. ನನ್ನ ಸಲಹೆ ಆರ್ಮಾಡಾ ಎಂಬ ಒಂದು ಭಾರಿ ಯುದ್ಧಹಡಗು, ನಾಲ್ಕು ಮ್ಯಾನ್-ಓ-ವಾರ್, ಗಸ್ತಿಗೆ ಫ್ಲಿಟರ್ ಎಂಬ ಕೆಲವು ಪುಟ್ಟ ಹಡಗುಗಳು. ಆರ್ಮಾಡಾ 100 ಟನ್ನಿನದು, ದೊಡ್ಡ ಬಗೆಯ ಹೆಲ್ಮ್ ಆದ ಮೇಜರ್ ಹೆಲ್ಮ್ ಎಳೆಯಬಲ್ಲ ಗರಿಷ್ಠ ಗಾತ್ರವೇ ಅಷ್ಟು. ಅದನ್ನು ನೆಲೆಯಿಂದ ಅಲುಗಿಸುವುದು ಯುದ್ಧ ಘೋಷಿಸಿದಂತೆ ಎಂದು ಭಾವಿಸಿ.

ಹಳೆಯ ಡೈಸ್:

ದಿಕ್ಸೂಚಿಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಲೆಕ್ಕವಷ್ಟೇ ಸಾಲದು. ಈ ನೌಕಾಪಡೆ ಏಕೆ ಹೀಗಿದೆ ಎಂಬುದನ್ನು ಆಟದೊಳಗೆ ತಾರದಿದ್ದರೆ ಎಲ್ಫ್‌ಗಳು ತಡವಾಗಿ ಬರುವ ಪೊಲೀಸರಾಗುತ್ತಾರೆ, ಅಷ್ಟೇ. ಅಮಾನುಷ ಕುಲಗಳೊಡನೆ ನಡೆದ ಮೊದಲ ಮಹಾಯುದ್ಧದಲ್ಲಿ ಓರ್ಕ್ ಮತ್ತು ಗಾಬ್ಲಿನ್ ನೌಕಾಬಲವನ್ನು ಮುರಿದವರು ಅವರು. ಎಲ್ಫ್‌ಗಳ ಆಯಸ್ಸು ಶತಮಾನಗಳದ್ದು. ಮನುಷ್ಯರು ಅಜ್ಜ ಹೇಳಿದ ಕಥೆಯಾಗಿ ಕೇಳುವ ಕಾಳಗ, ಆ ಕಪ್ತಾನನಿಗೆ ತನ್ನ ಯೌವನದಲ್ಲಿ ಗೆಳೆಯರನ್ನು ಕಳೆದುಕೊಂಡ ದಿನವಾಗಿರಬಹುದು. 30 ನಿರಾಶ್ರಿತರನ್ನು ನೋಡಿದಾಗ ಅವನಿಗೆ ಕಾಣುವುದು ಮಕ್ಕಳಲ್ಲ, ಮುಂದಿನ ನೌಕಾಪಡೆ. ಅವನು ತಪ್ಪು ತಿಳಿದಿದ್ದಾನೆ, ಆದರೆ ಪೆದ್ದನಲ್ಲ. ಈ ವ್ಯತ್ಯಾಸವನ್ನು ನಿಮ್ಮ ಆಟಗಾರರು ಖಂಡಿತ ಗಮನಿಸುತ್ತಾರೆ.

ಇನ್ನೊಂದು ಮಾತು. ಎಲ್ಫ್ ಹಡಗುಗಳು ಕಟ್ಟಿದವಲ್ಲ, ಬೆಳೆಸಿದವು. ಒಂದು ಸುಟ್ಟುಹೋದರೆ ಬಡಗಿಯನ್ನು ಕರೆಸಿ ಮುಂದಿನ ತಿಂಗಳೇ ಇನ್ನೊಂದನ್ನು ನೀರಿಗಿಳಿಸಿದಂತೆ ಆಗುವುದಿಲ್ಲ. ಒಂದು ಮ್ಯಾನ್-ಓ-ವಾರ್ ಬೆಳೆಯಲು ನಾನು ನಡೆಸುವ ಆಟದಲ್ಲಿ ಒಂದು ತಲೆಮಾರು ಬೇಕು ಎಂದು ಇಟ್ಟುಕೊಂಡಿದ್ದೇನೆ. ಇದು ಪುಸ್ತಕದ ನಿಯಮವಲ್ಲ, ನನ್ನದೇ ತೀರ್ಮಾನ. ಅಂದಿನಿಂದ ನನ್ನ ಎಲ್ಫ್ ಕಪ್ತಾನರು ಗೆಲ್ಲುವ ಕಾಳಗವನ್ನೂ ಎರಡು ಸಲ ಯೋಚಿಸಿಯೇ ಶುರುಮಾಡುತ್ತಾರೆ. ಜೊತೆಗೆ ದೂರದ ಗೋಳವೊಂದರಲ್ಲಿ ಸ್ಕ್ರೋ ಪಡೆಗಳು ಕಾಣಿಸಿಕೊಂಡ ಸುದ್ದಿ ಬರಲಿ. ಎರಡನೆಯ ಯುದ್ಧದ ಆ ಶಿಸ್ತಿನ ಓರ್ಕ್‌ಗಳಿಗಾಗಿ ಹಡಗುಗಳನ್ನು ಕಳಿಸಿದ ಮೇಲೆ, ಒಂದು ಸ್ಕ್ವಿಡ್‌ಶಿಪ್ಪಿನ ಬೆನ್ನು ಹತ್ತಲು ಎಷ್ಟು ಉಳಿಯುತ್ತವೆ ಎಂಬ ಚರ್ಚೆ ನೌಕಾಪಡೆಯ ಒಳಗೇ ಹುಟ್ಟುತ್ತದೆ.

ನಕ್ಷತ್ರನಾವಿಕ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಆಟಗಾರರು ಗೋಳದ ಗೋಡೆ ದಾಟಿ, ಗೋಳಗಳ ನಡುವೆ ತುಂಬಿರುವ ಫ್ಲೊಜಿಸ್ಟನ್ ಪ್ರವಾಹಕ್ಕೆ ಇಳಿದುಬಿಟ್ಟರೆ ಬೆನ್ನಟ್ಟುವಿಕೆ ಅಲ್ಲಿಗೇ ಮುಗಿಯಿತೇ?

ದಿಕ್ಸೂಚಿ:

ಮುಗಿಯಬೇಕಾಗಿಲ್ಲ, ಸ್ವರೂಪ ಬದಲಾಗುತ್ತದೆ. ಫ್ಲೊಜಿಸ್ಟನ್ನಿನಲ್ಲಿ ಸಣ್ಣ ಕಿಡಿಯೂ ಸ್ಫೋಟಿಸುತ್ತದೆ, ಹೀಗಾಗಿ ಬೆಂಕಿಯ ಸ್ಪೆಲ್ ಎರಡೂ ಕಡೆಯವರಿಗೆ ನಿಷಿದ್ಧ. ಅಡುಗೆಯ ಒಲೆಯನ್ನೂ ಹೊತ್ತಿಸುವಂತಿಲ್ಲ. ಪುರೋಹಿತರಿಗೆ ಅಲ್ಲಿ ದೇವರ ಸಂಪರ್ಕ ತಪ್ಪುವುದರಿಂದ ಎರಡನೆಯ ಲೆವೆಲ್ಲಿಗಿಂತ ಮೇಲಿನ ಸ್ಪೆಲ್‌ಗಳನ್ನು ಮರಳಿ ಪಡೆಯಲಾಗುವುದಿಲ್ಲ. ಗಾಯಾಳುಗಳಿರುವ ಹಡಗನ್ನು ಅಲ್ಲಿಗೆ ಇಳಿಸುವ ಮೊದಲು ಕಪ್ತಾನನೂ ಯೋಚಿಸುತ್ತಾನೆ, ನಿಮ್ಮ ಆಟಗಾರರೂ ಯೋಚಿಸಬೇಕು.

ಈ ಚರ್ಚೆಯನ್ನು ಮುಂದೆ ಓದುವವರಿಗೆ ಒಂದು ಸೂಚನೆ: 2022ರ ಐದನೆಯ ಆವೃತ್ತಿಯಲ್ಲಿ ಫ್ಲೊಜಿಸ್ಟನ್ ಇಲ್ಲ, ಅದರ ಜಾಗದಲ್ಲಿ ಆಸ್ಟ್ರಲ್ ಸಮುದ್ರವಿದೆ. ಹೆಲ್ಮ್ ಸ್ಪೆಲ್‌ಗಳನ್ನು ಹೀರುವುದೂ ಇಲ್ಲ. ಆದ್ದರಿಂದ ದಣಿದ ಮಾಂತ್ರಿಕರ ಉಪಾಯ ಬೇಕೆಂದರೆ ಅದನ್ನು ನಿಮ್ಮ ಆಟದ ಸ್ವಂತ ನಿಯಮವಾಗಿ ಮೊದಲೇ ಎಲ್ಲರಿಗೂ ತಿಳಿಸಬೇಕು.

ನಕ್ಷತ್ರನಾವಿಕ:

ಎಂಟನೆಯ ಸೆಷನ್ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಮೇಜಿನ ನಡುವೆ ಒಂದು ದಿನಗಣನೆಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಇಟ್ಟೆ. ಎಲ್ಫ್‌ಗಳಿಗೆ ಸುದ್ದಿ ಹೊತ್ತೊಯ್ದದ್ದು ಒಂದು ವ್ಯಾಪಾರಿ ಹಡಗು ಎಂಬುದನ್ನು ಆಟಗಾರರೇ ಪತ್ತೆಹಚ್ಚಿ, ತಮಗೆ ಇನ್ನು ಹತ್ತು ದಿನ ಇದೆ ಎಂದು ಎಣಿಸಿದರು. ಡೈಸ್ ಕೆಳಗಿಟ್ಟಿದ್ದ ಆಟಗಾರ್ತಿಯೇ ಪೆನ್ಸಿಲ್ ತೆಗೆದುಕೊಂಡು ಗ್ರಹದಿಂದ ಗ್ರಹಕ್ಕೆ ಗೆರೆ ಎಳೆಯಲು ಕೂತಳು.

ಕೊನೆಗೆ ಬಂದದ್ದು ಒಂದೇ ಮ್ಯಾನ್-ಓ-ವಾರ್, ಹಲ್ ಪಾಯಿಂಟ್ ಪೂರ್ತಿಯಾಗಿಯೇ ಇತ್ತು. ಕಪ್ತಾನ ಸ್ಕ್ವಿಡ್‌ಶಿಪ್ಪಿನ ಕೆಳಮಾಳಿಗೆಗೆ ತಾನೇ ಇಳಿದು, ಲಾಟೀನು ಹಿಡಿದು ಗಾಬ್ಲಿನ್‌ಗಳ ತಲೆ ಎಣಿಸಿದ. ಇಪ್ಪತ್ತೊಂದಕ್ಕೆ ಬಂದಾಗ ಒಂದು ಮಗು ಲಾಟೀನಿನ ಗಾಜನ್ನು ಮುಟ್ಟಲು ಕೈ ಚಾಚಿತು. ಅವನು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ಆಟಗಾರರು ಆಗಲೇ ಗಾಳಿಯ ಲೆಕ್ಕವನ್ನು ಅವನ ಮುಂದಿಟ್ಟು, ಎಷ್ಟು ಜನರನ್ನು ಜೀವಂತ ತಲುಪಿಸಬಲ್ಲಿರಿ ಎಂದು ಕೇಳಿದರು. ಅರ್ಧ ಗಂಟೆ ಬರೀ ಮಾತೇ ನಡೆಯಿತು, ಯಾರೂ ಡೈಸ್ ಹಾಕಲಿಲ್ಲ. ಅವನು ಗಾಬ್ಲಿನ್‌ಗಳನ್ನು ಬಿಟ್ಟು ಅವರ ಭೂಪಟಗಳನ್ನು ಒಯ್ದ, ತನ್ನ ವರದಿ ನೆಲೆಗೆ ತಲುಪಲು ಆರು ದಿನ ಹಿಡಿಯುತ್ತದೆ ಎಂದೂ ಹೇಳಿಹೋದ. ಅದು ಬೆದರಿಕೆಯೋ ಸುಳಿವೋ ಎಂದು ನನ್ನ ಆಟಗಾರರು ಇನ್ನೂ ಚರ್ಚಿಸುತ್ತಿದ್ದಾರೆ, ದಿನಗಣನೆಯ ಹಾಳೆಯಲ್ಲಿ ಮಾತ್ರ ಆರು ಚೌಕಗಳಿಗೆ ಆಗಲೇ ಗುರುತು ಹಾಕಿದ್ದಾರೆ.