ದೋಣಿ ತಳದ ಹಳೇ ವಿಷಬಣ್ಣ: ಕೆರೆಯಲೋ, ಮುಚ್ಚಲೋ?

ಪ್ರಶ್ನೆ: ನಲವತ್ತು ವರ್ಷ ಹಳೆಯ ಫೈಬರ್ ದೋಣಿ ಕೊಂಡಿದ್ದೇನೆ. ತಳದಲ್ಲಿ ಏಳೆಂಟು ಪದರ ಬಣ್ಣ, ಅಲ್ಲಲ್ಲಿ ಚಕ್ಕೆ ಏಳುತ್ತಿದೆ. ಅಡಿಯ ಪದರದಲ್ಲಿ ಟಿಬಿಟಿ (ತಳಕ್ಕೆ ಚಿಪ್ಪುಜೀವಿ, ಪಾಚಿ ಅಂಟದಂತೆ ಹಿಂದೆ ಬಣ್ಣಕ್ಕೆ ಬೆರೆಸುತ್ತಿದ್ದ ತವರದ ವಿಷ, ಟ್ರೈಬ್ಯುಟೈಲ್‌ಟಿನ್) ಇರಬಹುದು. ಪೂರ್ತಿ ಕೆರೆಯಲೋ, ಸೀಲರ್ ಹೊಡೆದು ಮುಚ್ಚಲೋ? ಮಾಡಿದವರು ಅನುಭವ ಹೇಳಿ.

ಹಾಯಿಪಟ: ಕೆರೆಯಿರಿ. ನನ್ನದು ಒಂಬತ್ತು ಮೀಟರಿನ ದೋಣಿ, 23 ದಿನ ಹಿಡಿಯಿತು. ಐದು ದಿನ ಸಾಕು ಅಂದುಕೊಂಡು ಶುರು ಮಾಡಿದ್ದು. ಕಾರ್ಬೈಡ್ ಬ್ಲೇಡ್ 14 ಸವೆದವು. ನಾಲ್ಕನೇ ದಿನ ಹೊಸ ಬ್ಲೇಡಿನ ಮೂಲೆ ತಗುಲಿ ಜೆಲ್‌ಕೋಟ್‌ಗೆ, ಅಂದರೆ ಫೈಬರ್ ಮೇಲಿನ ನುಣುಪು ಹೊರಪದರಕ್ಕೆ, ಗೀರು ಬಿತ್ತು. ಒಂದಲ್ಲ, 31. ಎಣಿಸಿದ್ದೇನೆ. ಒಂದೊಂದಕ್ಕೂ ಎಪಾಕ್ಸಿ ತುಂಬಿ ಮತ್ತೆ ಉಜ್ಜಿದೆ. ಆಮೇಲೆ ಡೈಮಂಡ್ ಅರದಿಂದ ಬ್ಲೇಡಿನ ಮೂಲೆಗಳನ್ನು ಗುಂಡಗೆ ಮಾಡಿಕೊಂಡೆ. ಹನ್ನೆರಡನೇ ದಿನ ಮಳೆ. ಟಾರ್ಪಾಲಿನ ಮೇಲಿದ್ದ ಚಕ್ಕೆ, ಪುಡಿ ಎಲ್ಲ ಕೆಂಪು ನೀರಾಗಿ ಹರಿಯಲು ಹೊರಟಿತು. ರಾತ್ರಿ ಎರಡು ಗಂಟೆಯವರೆಗೆ ಬಕೆಟ್‌ಗೆ ಮೊಗೆದೆ. ಕೊನೆಗೆ ಅಪಾಯಕಾರಿ ಕಸ ಅಂತ ಒಪ್ಪಿಸಿದ್ದು 58 ಕಿಲೊ. ಮುಚ್ಚಿ ಬಿಡುವವರು ಇದನ್ನೆಲ್ಲ ಮುಂದಿನ ಮಾಲೀಕನ ತಲೆಗೆ ಕಟ್ಟುತ್ತಾರೆ, ಅಷ್ಟೇ.

ಕಡಲಕಾಗೆ: ತಲೆಗೆ ಕಟ್ಟುವುದು ಅಂದರೆ ಏನ್ರೀ? ನಾನು ಮುಚ್ಚಿದವಳು. ಟಿಬಿಟಿ ನಿಲ್ಲಿಸಿದ ಅಂತರರಾಷ್ಟ್ರೀಯ ಒಪ್ಪಂದ 2001ರದ್ದು, ಜಾರಿಗೆ ಬಂದದ್ದು 2008ರಲ್ಲಿ. ಅದರಲ್ಲೇ ಎರಡು ದಾರಿ ಇದೆ: ತೆಗೆಯಬೇಕು, ಇಲ್ಲ ಒಳಗಿನದು ಸೋರದ ಹಾಗೆ ಮೇಲೊಂದು ಪದರ ಹಾಕಬೇಕು. ನಾನೇನು ಕದ್ದು ಮಾಡಿಲ್ಲ. ಎಡವಿದ್ದು ಬೇರೆ ಕಡೆ. ಮೊದಲ ಸಲ ಸಡಿಲ ಚಕ್ಕೆ ಪೂರ್ತಿ ತೆಗೆಯದೆ ಸೀಲರ್ ಹೊಡೆದೆ. ಎಂಟೇ ತಿಂಗಳಿಗೆ ಚುಕ್ಕಾಣಿಯ ಹತ್ತಿರ ಅಂಗೈಯಗಲ ಕಿತ್ತು ಬಂತು. ಸೀಲರ್ ಗಟ್ಟಿಯಾಗೇ ಇತ್ತು, ಅದರಡಿಯ ಹಳೇ ಬಣ್ಣ ಕೈಬಿಟ್ಟಿತ್ತು. ಎರಡನೇ ಸಲ ನೀರು ಹಾಕಿ ಉಜ್ಜಿ, ಟೇಪ್ ಅಂಟಿಸಿ ಕಿತ್ತು ನೋಡಿ, ಎದ್ದು ಬಂದದ್ದನ್ನೆಲ್ಲ ತೆಗೆದೆ. ಮೇಲೆ ಎರಡು ಕೋಟು. ಆರು ವರ್ಷ ಆಯ್ತು, ಒಂದು ಚಕ್ಕೆಯೂ ಎದ್ದಿಲ್ಲ.

ಉಪ್ಪುಗಾಳಿ: ಇಬ್ಬರೂ ಧೂಳಿನ ಮಾತೇ ಎತ್ತಲಿಲ್ಲ! ನಾನು ಒಣ ಬಣ್ಣವನ್ನೇ ಸ್ಯಾಂಡರ್‌ನಿಂದ ಉಜ್ಜಿದೆ, ಬಟ್ಟೆ ಮಾಸ್ಕ್ ಕಟ್ಟಿಕೊಂಡು. ಒಂದೇ ಮಧ್ಯಾಹ್ನ. ರಾತ್ರಿಗೆ ಗಂಟಲುರಿ, ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಪಕ್ಕದವರ ಬಿಳಿ ದೋಣಿಯ ಮೇಲೆಲ್ಲ ಕೆಂಪು ಪುಡಿ, ಇಬ್ಬನಿ ಬಿದ್ದು ಕಲೆಯಾಯಿತು. ಮೂರು ದಿನ ನಾನೇ ತಿಕ್ಕಿ ತೊಳೆದೆ. ಅವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಈ ಬಣ್ಣ ನಿಲ್ಲಿಸಿದ್ದು ಅರ್ಕಶೋನ್ ಕೊಲ್ಲಿಯ ಸಿಂಪಿ ಬೆಳೆ ಹಾಳಾದ್ದರಿಂದ ಅಲ್ವಾ? ಲೀಟರ್ ನೀರಿನಲ್ಲಿ ಟಿಬಿಟಿ ಒಂದೆರಡು ನ್ಯಾನೊಗ್ರಾಂ ಇದ್ದರೂ ಒಂದು ಜಾತಿಯ ಶಂಖದ ಹುಳುವಿನಲ್ಲಿ ಹೆಣ್ಣಿಗೆ ಗಂಡಿನ ಅಂಗ ಬೆಳೆಯುತ್ತದೆ. ಹಾಯಿಪಟ ಅವರೇ, ಆ ಮಳೆ ನೀರು ನಿಜವಾಗಿ ಪೂರ್ತಿ ಮೊಗೆದಿರಾ?

ಹಾಯಿಪಟ: ಆ ರಾತ್ರಿ ನೀವಿದ್ದಿರಾ ಅಲ್ಲಿ? ಬಟ್ಟೆ ಮಾಸ್ಕ್ ಕಟ್ಟಿ ಊರಿಗೆಲ್ಲ ಧೂಳು ಹಬ್ಬಿಸಿದವರು ನನಗೆ ಪಾಠ ಹೇಳಬೇಡಿ.

ಲಂಗರು: ನಾನು ಸೋಡಾ ಬ್ಲಾಸ್ಟ್ ಮಾಡಿಸಿದೆ, ಅಂದರೆ ಸೋಡಾ ಪುಡಿಯನ್ನು ಗಾಳಿಯ ಒತ್ತಡದಿಂದ ಚಿಮ್ಮಿಸಿ ಬಣ್ಣ ಕೀಳುವುದು. ಒಂದೇ ದಿನದಲ್ಲಿ ಮುಗಿಯಿತು. ಸೋಡಾ ಸರಿಯಾಗಿ ತೊಳೆಯದೆ ಪ್ರೈಮರ್ ಹೊಡೆದರು, ಎರಡು ಕೋಟೂ ಸಿಪ್ಪೆಯ ಹಾಗೆ ಸುಲಿದು ಬಂತು. ಈಗ ನನ್ನದು ಅಲ್ಯೂಮಿನಿಯಂ ದೋಣಿ. ತಾಮ್ರ ಬೆರೆಸಿದ ವಿಷಬಣ್ಣ ಹತ್ತಿರಕ್ಕೂ ಸೇರಿಸುವುದಿಲ್ಲ, ಲೋಹವನ್ನೇ ತಿಂದುಬಿಡುತ್ತದೆ.

ಉಪ್ಪುಗಾಳಿ: ಕೇಳಿದ್ದು ಫೈಬರ್ ದೋಣಿ ಬಗ್ಗೆ. ಇಲ್ಲಿ ಅಲ್ಯೂಮಿನಿಯಂ ಯಾಕೆ ಬಂತು?

ಲಂಗರು: ಶಂಖದ ಹುಳು ಯಾಕೆ ಬಂತೋ ಅದಕ್ಕೇ.

ಪ್ರಶ್ನೆ ಕೇಳಿದವರು: ಟೇಪ್ ಅಂಟಿಸಿ ನೋಡಿದೆ. ಐದು ಕಡೆಯಲ್ಲಿ ನಾಲ್ಕು ಕಡೆ ಬಣ್ಣ ಎದ್ದು ಬಂತು.